ತಟ್ಟುವಿನ ಪಾಠ

ನಮ್ಮ ಶಾಲೆಯ ಈ ಸ್ಮರಣ ಸಂಚಿಕೆಗಾಗಿ ಬಾಲಿಕೆಯರ ಶಿಕ್ಷಣಕ್ಕೆ ಸಂಬಂಧಪಟ್ಟ ಯಾವದಾದರೊಂದು ವಿಷಯವನ್ನು ಕುರಿತು ಬರೆಯಬೇಕೆಂದು ನಮಗೆ ಅಪ್ಪಣೆಯಾದಾಗ, ನಾವು ಆರಿಸಿಕೊಂಡ ವಿಷಯವು ತಟ್ಟು. ಇದನ್ನು ಕೇಳಿ ನಮ್ಮ ಹಳೆಯ ವಿದ್ಯಾರ್ಥಿನಿಯರು ನಗಬಹುದು. ಗಣಿತವೇನು, ವಿಜ್ಞಾನವೇನು, ಹೊಲಿಗೆಯೇನು, ಸಂಗೀತವೇನು, ಇವೆಲ್ಲವನ್ನೂ ಬಿಟ್ಟು ಸಣ್ಣ ಜಾತಿಯ ಒಂದು ಕುದುರೆಯೇ ಇವರಿಗೆ ಸಿಕ್ಕಿತೇ ಎಂದು ಪಾಲಕರೂ ಅನ್ನಬಹುದು. ಆದರೆ ಇದಕ್ಕೆ ಕಾರಣವುಂಟು. ಕೆಲವು ವರ್ಷಗಳ ಕೆಳಗೆ ನಮ್ಮ ಮಕ್ಕಳ ಅಕ್ಕರೆಯಿಂದಲೂ ನಮ್ಮ ಅಜ್ಞಾನದಿಂದಲೂ ಒಂದು ಮೂಕಪ್ರಾಣಿಯು ಪ್ರಾಣಾಪಾಯದಲ್ಲಿ ಬಿದ್ದಿತ್ತು. ಆ ಸಂಗತಿಯನ್ನು ಮುಂದೆ ಅದರ ಸ್ಥಳದಲ್ಲಿ ಹೇಳುವೆವು. ಅಂದಿನಿಂದ ಪ್ರತಿವರ್ಷವೂ ನಾವು ಎಂಟನೆಯ ಇಯತ್ತೆಯ ಬಾಲಿಕೆಯರಿಗೆ ಕುದುರೆಯ ಪಾಠವನ್ನು ಹೇಳುತ್ತ ಬಂದಿದ್ದೇವೆ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕು ಸೀಮೆಗಳಿಂದ ಬರುವ ನಮ್ಮ ಬಾಲಿಕೆಯರನ್ನು, “ಕುದುರೆಯನ್ನು ಕಂಡವರು ಎಷ್ಟು ಜನ?” ಎಂದು ಕೇಳಿದರೆ ಎಲ್ಲರ ಕೈಗಳೂ ಮೇಲೇಳುವವು. ಎಲ್ಲಿ ಕಂಡಿರಿ ಎಂದರೆ, ಹುಬ್ಬಳ್ಳಿಯ ಚೆನ್ನಮ್ಮನ ವೃತ್ತದಲ್ಲಿ, ಮದುವೆಯ ಮೆರವಣಿಗೆಯಲ್ಲಿ, ಚಲಚ್ಚಿತ್ರದಲ್ಲಿ ಎಂದು ಉತ್ತರ ಬರುವದು. “ಮೈಮುಟ್ಟಿ ನೋಡಿದವರು ಎಷ್ಟು?” ಎಂದರೆ ಒಂದೋ ಎರಡೋ ಕೈ ಉಳಿಯುವವು. ಅಜ್ಜಂದಿರ ಕಾಲದಲ್ಲಿ ಬಾಗಿಲ ಮುಂದೆ ನಿಂತಿರುತ್ತಿದ್ದ ಪ್ರಾಣಿಯು ಮೊಮ್ಮಕ್ಕಳಿಗೆ ಕಲ್ಲಿನ ಮೂರ್ತಿಯಾಗಿ ಉಳಿದಿದೆ. ಇಡಿಯ ದೇಶದ ಸ್ಥಿತಿಯೂ ಹೀಗೆಯೇ ಇರುವದು. 2012 ಮತ್ತು 2019ನೆಯ ಇಸವಿಗಳ ಪಶುಗಣತಿಗಳ ನಡುವೆ ಭಾರತದ ಕುದುರೆ ಮತ್ತು ತಟ್ಟುಗಳ ಸಂಖ್ಯೆಯು ಶೇಕಡಾ 45ಕ್ಕೂ ಮಿಕ್ಕಿ ಇಳಿದು ಸುಮಾರು 3 ಲಕ್ಷ 40 ಸಾವಿರಕ್ಕೆ ಬಂದಿತು. ಪ್ರಾಣಿಯು ಕಡಿಮೆಯಾದಂತೆ ಅದನ್ನು ಸಾಕುವ ತಿಳುವಳಿಕೆಯೂ ಕಡಿಮೆಯಾಗುವದು. ಈ ಎರಡನೆಯ ನಷ್ಟವು ಯಾವ ಗಣತಿಯಲ್ಲಿಯೂ ಕಾಣುವದಿಲ್ಲ.

ತಟ್ಟು ಎಂದರೇನು?

ಮಕ್ಕಳು ಸಾಮಾನ್ಯವಾಗಿ ತಟ್ಟು ಎಂದರೆ ಕುದುರೆಯ ಮರಿ ಎಂದು ತಿಳಿಯುವರು. ಇದು ತಪ್ಪು. ಮರಿಯು ಬೆಳೆದು ಕುದುರೆಯಾಗುವದು; ತಟ್ಟು ಎಷ್ಟು ಬೆಳೆದರೂ ತಟ್ಟುವೇ. ಕುದುರೆಯ ಎತ್ತರವನ್ನು ನೆಲದಿಂದ ಹೆಗಲಿನ ಗುಬ್ಬದ ವರೆಗೆ ಅಳೆಯುತ್ತಾರೆ, ತಲೆಯ ವರೆಗೆ ಅಲ್ಲ. ಯಾಕಂದರೆ ತಲೆಯು ಮೇಲೆ ಕೆಳಗೆ ಆಡುತ್ತಲೇ ಇರುವದು. ಈ ಅಳತೆಯು 58 ಅಂಗುಲಕ್ಕೆ ಮೀರದಿದ್ದರೆ ಅದು ತಟ್ಟು ಎಂದು ಪಾಶ್ಚಾತ್ಯರ ಎಣಿಕೆ. ತಟ್ಟುವಿನ ಕಾಲು ಗಿಡ್ಡ, ಎದೆ ಅಗಲ, ಕೂದಲು ದಟ್ಟ. ಒರಟು ಮೇವನ್ನು ತಿಂದು, ಕಲ್ಲುದಾರಿಯಲ್ಲಿ ನಡೆದು, ಮಳೆ ಬಿಸಿಲುಗಳನ್ನು ತಾಳಿಕೊಳ್ಳುವ ಗುಣದಲ್ಲಿ ದೊಡ್ಡ ಕುದುರೆಯು ಅದಕ್ಕೆ ಸರಿಬರಲಾರದು.

ಕುದುರೆಯ ಮೂಲಪುರುಷನ ವೃತ್ತಾಂತವು ಮಕ್ಕಳಿಗೆ ಕಥೆಯಂತೆ ಇಷ್ಟವಾಗುವದು. ಸುಮಾರು ಐದೂವರೆ ಕೋಟಿ ವರ್ಷಗಳ ಹಿಂದೆ ಅದು ನರಿಯಷ್ಟು ದೊಡ್ಡದಾದ, ಕಾಡಿನಲ್ಲಿ ಎಲೆ ತಿನ್ನುವ ಪ್ರಾಣಿಯಾಗಿತ್ತು. ಅದಕ್ಕೆ ಮುಂಗಾಲಿಗೆ ನಾಲ್ಕು, ಹಿಂಗಾಲಿಗೆ ಮೂರು ಬೆರಳುಗಳಿದ್ದವು. ಕಾಡು ಕಡಿಮೆಯಾಗಿ ಹುಲ್ಲುಗಾವಲು ಹಬ್ಬಿದಂತೆ, ಬಯಲಿನಲ್ಲಿ ಓಡಿ ಬದುಕಬೇಕಾದ ಆ ಪ್ರಾಣಿಯ ನಡುಬೆರಳು ಬಲಿತು ಉಳಿದವು ಸವೆದುಹೋದವು. ಇಂದಿನ ಗೊರಸು ಆ ನಡುಬೆರಳಿನ ಉಗುರೇ ಆಗಿದೆ. ಅಂದಮೇಲೆ ಕುದುರೆಯು ಒಂದೊಂದು ಕಾಲಿನಲ್ಲಿ ಒಂದೊಂದೇ ಬೆರಳಿನ ಮೇಲೆ ನಿಂತಿರುವದು! ಮುಂಗಾಲಿನ ಮೊಣಕಾಲೆಂದು ನಾವು ಕರೆಯುವದು ನಿಜವಾಗಿ ನಮ್ಮ ಮಣಿಕಟ್ಟಿಗೆ ಸಮನಾದ ಸಂದು. ಹಿಂಗಾಲಿನಲ್ಲಿ ಹಿಂದಕ್ಕೆ ಬಾಗಿದಂತೆ ಕಾಣುವದು ಹಿಮ್ಮಡಿ. ಇದನ್ನು ಹೇಳಿದೊಡನೆ ಬಾಲಿಕೆಯರು ತಮ್ಮ ನಡುಬೆರಳನ್ನು ಮೇಜಿನ ಮೇಲೆ ಊರಿ ನೋಡುವರು. ಆ ಬೆರಳಿನ ಮೇಲೆ ಇಡಿಯ ಮೈಭಾರವು ಬಿದ್ದರೆ ಹೇಗಾಗುವದೆಂದು ಅವರಿಗೆ ಬೇರೆ ಹೇಳಬೇಕಾಗುವದಿಲ್ಲ.

ಇಂದು ಮನುಷ್ಯನ ಸಂಗಡವಿರುವ ಕುದುರೆಗಳ ಪೂರ್ವಜರನ್ನು ಕಪ್ಪುಸಮುದ್ರದ ಉತ್ತರದ ಹುಲ್ಲುಗಾವಲಿನ ಜನರು ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ಪಳಗಿಸಿದರು. ಅಲ್ಲಿಂದ ಉಗಿಯಂತ್ರಗಳು ಬರುವ ವರೆಗೆ ಭೂಮಿಯ ಮೇಲೆ ಮನುಷ್ಯನ ವೇಗವೆಂದರೆ ಬಹುತರವಾಗಿ ಕುದುರೆಯ ವೇಗವೇ ಆಗಿತ್ತು. ಉಗಿಯಂತ್ರವು ಬಂದ ಮೇಲೆ ಸಹ ಅದರ ಬಲವನ್ನು ಜನರಿಗೆ ತಿಳಿಸಲಿಕ್ಕೆ ಜೇಮ್ಸ್ ವಾಟನು ಕುದುರೆಯನ್ನೇ ಅಳತೆಗೋಲಾಗಿ ಹಿಡಿದನು. ನಮ್ಮ ರೈತರು ಬಾವಿಗೆ ಐದು ಎಚ್.ಪಿ. ಮೋಟಾರು ಕೂಡ್ರಿಸಿದ್ದೇವೆ ಎನ್ನುವಾಗ ಐದು ಕುದುರೆಗಳ ಹೆಸರನ್ನೇ ಹೇಳಿದಂತಾಗುವದು.

ನಮ್ಮ ಸೀಮೆಯ ಕುದುರೆ

ಕಲ್ಯಾಣದ ಚಾಲುಕ್ಯರು ಈ ನಾಡನ್ನು ಆಳುತ್ತಿದ್ದ ಕಾಲದಲ್ಲಿ ಸವದತ್ತಿಯು ಸುಗಂಧವರ್ತಿಯೆಂಬ ಹೆಸರಿನಿಂದ ಅವರ ಸಾಮಂತರಾದ ರಟ್ಟರ ರಾಜಧಾನಿಯಾಗಿತ್ತು. ಆ ಚಾಲುಕ್ಯರಲ್ಲಿಯ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ಕುದುರೆಗಳ ಲಕ್ಷಣವೂ, ಕುದುರೆಯ ಮೇಲೆ ಕುಳಿತು ಚೆಂಡಾಡುವ ವಿನೋದವೂ ವರ್ಣಿತವಾಗಿವೆ. ವಿಜಯನಗರದ ಕಾಲದಲ್ಲಿ ಅಭಿನವಚಂದ್ರನೆಂಬವನು ಕುದುರೆಯ ವೈದ್ಯವನ್ನು ಕುರಿತು ಕನ್ನಡದಲ್ಲಿಯೇ ಬರೆದನು. ಆದದರಿಂದ ಕುದುರೆಯ ಪಾಲನೆಯು ಓದಿ ಕಲಿಯತಕ್ಕ ವಿದ್ಯೆಯೆಂಬದು ನಮ್ಮವರಿಗೆ ಹೊಸ ಮಾತಲ್ಲ.

ಆದರೆ ಓದಿದ ವಿದ್ಯೆಯೂ ಲಾಯದಲ್ಲಿಯ ವಿದ್ಯೆಯೂ ಯಾವಾಗಲೂ ಒಂದಾಗಿರಲಿಲ್ಲ. ದಕ್ಷಿಣದ ಅರಸರು ಅರಬಸ್ತಾನ, ಪಾರಸ ದೇಶಗಳಿಂದ ಹಡಗುಗಳಲ್ಲಿ ಕುದುರೆಗಳನ್ನು ತರಿಸುತ್ತಿದ್ದರು. ಗೋವೆ, ಭಟಕಳ ಮುಂತಾದ ರೇವುಗಳಲ್ಲಿ ಇಳಿದ ಕುದುರೆಗಳು ಘಟ್ಟಗಳನ್ನು ಹತ್ತಿ ಒಳನಾಡಿಗೆ ಬರುತ್ತಿದ್ದವು. ವಿಜಯನಗರದ ಅರಸನು ವರ್ಷಕ್ಕೆ 13 ಸಾವಿರ ಹೊರ್ಮುಜಿನ ಕುದುರೆಗಳನ್ನು ಕೊಳ್ಳುತ್ತಿದ್ದನೆಂದು 16ನೆಯ ಶತಮಾನದಲ್ಲಿ ಅಲ್ಲಿದ್ದ ಪೋರ್ತುಗೀಜ ನೂನಿಜನು ಬರೆದಿರುವನು. ಪ್ರತಿವರ್ಷವೂ ಇಷ್ಟು ಕುದುರೆಗಳು ಯಾಕೆ ಬೇಕಾಗುತ್ತಿದ್ದವು? ಯುದ್ಧದಲ್ಲಿ ಸತ್ತವುಗಳು ಕೆಲವು. ಆದರೆ 13ನೆಯ ಶತಮಾನದ ಕೊನೆಗೆ ತಮಿಳುನಾಡಿನ ಕರಾವಳಿಗೆ ಬಂದ ಮಾರ್ಕೋ ಪೋಲೋ ಮತ್ತೊಂದು ಕಾರಣವನ್ನು ಹೇಳಿರುವನು. ಅಲ್ಲಿಯ ಅರಸರು ಸಾವಿರಾರು ಕುದುರೆಗಳನ್ನು ಕೊಂಡರೂ ವರ್ಷ ಮುಗಿಯುವದರೊಳಗೆ ಬಹುಪಾಲು ಸಾಯುತ್ತಿದ್ದವು. ಯಾಕಂದರೆ ಅವುಗಳನ್ನು ನೋಡಿಕೊಳ್ಳಬಲ್ಲವರು ಅಲ್ಲಿರಲಿಲ್ಲ, ಅವುಗಳಿಗೆ ಬೇಯಿಸಿದ ಅನ್ನವನ್ನೂ ಮಾಂಸವನ್ನೂ ಹಾಕುತ್ತಿದ್ದರು. ರಾಜಭಂಡಾರದ ಬಂಗಾರವು ಹೀಗೆ ಅಡಿಗೆಯ ಪಾತ್ರೆಯಲ್ಲಿ ಕರಗಿತು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಅದು ನಮ್ಮ ಮೇಲೆಯೇ ತಿರುಗಿ ಬರುವದು.

ಹೊರನಾಡಿನ ಕುದುರೆಗಳು ಅರಸರಿಗಾದವು. ಬಡ ಸವಾರನಿಗೂ ಬೇಪಾರಿಗೂ ನಾಡ ತಟ್ಟುವೇ ಗತಿ. ಭೀಮಾ ನದಿಯ ದಂಡೆಯ ಸೀಮೆಯಲ್ಲಿ ಬೆಳೆದ ದಖನಿ ತಳಿಗೆ ಭೀಮಥಡಿ ಎಂದು ಹೆಸರು. ಮರಾಠರ ದಂಡುಗಳು ಡೆಕ್ಕನ್ನಿನ ಗುಡ್ಡಗಾಡುಗಳಲ್ಲಿ ಮಿಂಚಿನಂತೆ ಸಂಚರಿಸಿದ್ದು ಇಂಥ ಗಿಡ್ಡ ಕುದುರೆಗಳ ಮೇಲೆಯೇ. ಈ ತಳಿಯು ನಶಿಸಿಹೋಯಿತೆಂದು ಬಹಳ ಜನರು ತಿಳಿದಿದ್ದರು. ಆದರೆ ಧನಗರ ಕುರಿಗಾರರು ಅದನ್ನು ಸದ್ದಿಲ್ಲದೆ ಉಳಿಸಿಕೊಂಡು ಬಂದಿದ್ದರು. ಈಚಿನ ವರ್ಷಗಳಲ್ಲಿ ಸರಕಾರದ ತಳಿಪಟ್ಟಿಯಲ್ಲಿ ಮಾರವಾಡಿ, ಕಾಠಿಯಾವಾಡಿ, ಮಣಿಪುರಿ ಮೊದಲಾದವುಗಳ ಸಾಲಿನಲ್ಲಿ ಭೀಮಥಡಿಯೂ ಸೇರಿದೆ.

ನಮ್ಮ ನಾಲ್ಕು ಸೀಮೆಗಳ ಇತಿಹಾಸದಲ್ಲಿ ಕುದುರೆಯ ಗೊರಸಿನ ಸಪ್ಪಳವು ಎಲ್ಲೆಲ್ಲಿಯೂ ಕೇಳಬರುವದು. ಕಾಕತಿಯ ದೇಸಾಯರ ಮಗಳಾದ ಚೆನ್ನಮ್ಮನು ಬಾಲ್ಯದಲ್ಲಿಯೇ ಕುದುರೆ ಸವಾರಿಯನ್ನೂ ಕತ್ತಿವರಸೆಯನ್ನೂ ಕಲಿತಳೆಂಬ ಮಾತು ನಮ್ಮಲ್ಲಿ ಮನೆಮಾತಾಗಿದೆ. ಆಕೆಯು ಕಿತ್ತೂರಿನ ರಾಣಿಯಾದ ಮೇಲೆ, 1824ನೆಯ ಇಸವಿ ಅಕ್ಟೋಬರ 23ರಂದು ಧಾರವಾಡದ ಕಲೆಕ್ಟರ ಥ್ಯಾಕರೆಯು ಕಿತ್ತೂರ ಕೋಟೆಯ ಮುಂದೆ ಮಡಿದನು. ಆತನ ಸಂಗಡ ಬಂದದ್ದು ಕುದುರೆಗಳು ಎಳೆಯುವ ತೋಪುಗಳ ಪಡೆ. ಆ ವರ್ಷದ ಡಿಸೆಂಬರದಲ್ಲಿ ಕೋಟೆಯು ಬಿದ್ದಿತು. ರಾಣಿಯು ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡಳು. ರಾಮದುರ್ಗದ ಸಮೀಪದ ಸುರೇಬಾನದಲ್ಲಿ 1858ರ ಮೇ 29ರ ರಾತ್ರಿ ನರಗುಂದದ ಬಾಬಾಸಾಹೇಬನು ತನ್ನ ದಂಡಿನೊಡನೆ ಬಂದು ಪೊಲಿಟಿಕಲ್ ಏಜಂಟ ಮ್ಯಾನ್ಸನ್ನನನ್ನು ಕೊಂದನು; ಮ್ಯಾನ್ಸನ್ನನ ಬೆಂಗಾವಲಿಗೆ ಇದ್ದವರು ಕೆಲವೇ ಸವಾರರು.

ಅಡ್ಡಹೆಸರುಗಳಲ್ಲಿಯೂ ಈ ಇತಿಹಾಸವು ಅಡಗಿರುವದು. ನಮ್ಮ ಹಾಜರಿ ಪಟದಲ್ಲಿ ಶಿಲೇದಾರ, ಬಾರಗೀರ, ರಾವುತ, ನಾಲಬಂದ ಎಂಬ ಹೆಸರುಗಳನ್ನು ಓದುವಾಗ ನಾವು ಸ್ವಲ್ಪ ತಡೆದು ಅರ್ಥವನ್ನು ಹೇಳುವೆವು. ಸ್ವಂತ ಕುದುರೆಯೊಡನೆ ಚಾಕರಿಗೆ ಸೇರಿದವನು ಶಿಲೇದಾರ; ಸರಕಾರದ ಕುದುರೆಯನ್ನು ಏರಿದವನು ಬಾರಗೀರ; ರಾವುತನೆಂದರೆ ಸವಾರ; ನಾಲಬಂದನೆಂದರೆ ಲಾಳ ಕಟ್ಟುವವನು. ತನ್ನ ಹೆಸರಿನೊಳಗೆ ಒಂದು ಕುದುರೆಯು ಕಟ್ಟಲ್ಪಟ್ಟಿದೆ ಎಂದು ತಿಳಿದ ದಿನ ಒಬ್ಬ ಹುಡುಗಿಯು ಮನೆಗೆ ಹೋಗಿ ಅಜ್ಜನನ್ನು ರಾತ್ರಿಯೆಲ್ಲ ಪ್ರಶ್ನೆ ಕೇಳಿದಳಂತೆ.

ಈ ನಾಲ್ಕು ಊರುಗಳಲ್ಲಿ ಇಂದಿಗೂ ರೈಲುನಿಲ್ದಾಣವಿಲ್ಲ. ಮೋಟಾರುಗಳು ಬರುವದಕ್ಕಿಂತ ಮೊದಲು ಎತ್ತಿನ ಚಕ್ಕಡಿ, ಟಾಂಗಾ, ತಟ್ಟು ಇವುಗಳ ಮೇಲೆಯೇ ಇಲ್ಲಿಯ ಜನರ ಓಡಾಟವೂ ಸಂತೆಯ ವ್ಯವಹಾರವೂ ನಿಂತಿದ್ದವು. ಇಂದು ಆ ಟಾಂಗಾಗಳು ಹೋದವು. ತಟ್ಟುಗಳು ಉಳಿದಿರುವದು ಮುಖ್ಯವಾಗಿ ಕುರಿಗಾರರ ಕೈಯಲ್ಲಿ. ಸುಗ್ಗಿಯಾದ ಮೇಲೆ ಹೊಲಗಳಲ್ಲಿ ಕುರಿ ನಿಲ್ಲಿಸಲಿಕ್ಕೆ ಬರುವ ಈ ಜನರ ಸಂಸಾರವೆಲ್ಲವೂ ತಟ್ಟುವಿನ ಬೆನ್ನ ಮೇಲೆ ಇರುವದು: ಕಂಬಳಿ, ಪಾತ್ರೆ, ಕುರಿದಡ್ಡಿಯ ಬಲೆ, ಅದರ ಮೇಲೆ ಅಂದೇ ಹುಟ್ಟಿದ ಎರಡು ಕುರಿಮರಿಗಳು, ತುದಿಯಲ್ಲಿ ಒಂದು ಕೋಳಿ.

ನಮ್ಮ ತಪ್ಪು

ಒಂದು ವರ್ಷ ನಮ್ಮ ಶಾಲೆಯ ಬೇಲಿಗೆ ಹತ್ತಿದ ಹೊಲದಲ್ಲಿ ಇಂಥ ಒಂದು ಕುರಿಗಾರರ ಸಂಸಾರವು ಬಂದು ಇಳಿಯಿತು. ಅವರಿಗೆ ಎರಡು ತಟ್ಟುಗಳಿದ್ದವು. ಅವುಗಳನ್ನು ನೋಡಿಕೊಳ್ಳುವ ಕೆಲಸವು ಹನ್ನೆರಡು ವರ್ಷದ ಒಬ್ಬ ಹುಡುಗಿಯದಾಗಿತ್ತು. ನಮ್ಮ ಬಾಲಿಕೆಯರು ಬೇಲಿಯ ಬಳಿ ಗುಂಪುಗೂಡಿದರು. ಪಾಠಕ್ಕೆ ಒಳ್ಳೆಯ ಸಂಧಿಯೆಂದು ನಾವು ಅವರನ್ನು ಕರಕೊಂಡು ಹೋದೆವು. ನಮ್ಮಲ್ಲಿ ಒಬ್ಬರು ಧೈರ್ಯವನ್ನು ತೋರಿಸುವದಕ್ಕಾಗಿ ನೇರವಾಗಿ ತಟ್ಟುವಿನ ಹಿಂದೆ ಹೋಗಿ ನಿಂತರು. ಆ ಹುಡುಗಿಯು ಗಾಬರಿಯಿಂದ ಕೂಗಿದಳು:

“ಅಕ್ಕಾರ, ಹಿಂದ ನಿಂದರಬ್ಯಾಡ್ರಿ! ಅದಕ್ಕ ನೀವು ಕಾಣೂದಿಲ್ಲ. ಎಡಕ್ಕ ಬರ್ರಿ, ಮೊದಲ ಸಪ್ಪಳಾ ಮಾಡ್ರಿ, ಆಮ್ಯಾಲ ಮುಟ್ರಿ.”

ಅಂದು ಪಾಠವನ್ನು ಹೇಳಿದವಳು ಆಕೆ, ಕೇಳಿದವರು ನಾವು. ತಟ್ಟುವಿನ ಕಿವಿಯು ಮುಂದಕ್ಕೆ ಬಾಗಿದ್ದರೆ ಅದು ಕುತೂಹಲದಿಂದಿದೆ. ಹಿಂದಕ್ಕೆ ಒತ್ತಿಕೊಂಡಿದ್ದರೆ ಸಿಟ್ಟಿನಲ್ಲಿದೆ. ಒಂದು ಹಿಂಗಾಲನ್ನು ಸಡಿಲಬಿಟ್ಟು ನಿಂತಿದ್ದರೆ ವಿಶ್ರಾಂತಿಯಲ್ಲಿದೆ. ಹೀಗೆ ಆಕೆಯು ಒಂದೊಂದನ್ನೇ ಬೆರಳುಮಾಡಿ ತೋರಿಸಿದಳು. ಆಕೆಯ ಹೆಸರು ಯಾವ ಶಾಲೆಯ ಪಟದಲ್ಲಿಯೂ ಇರಲಿಲ್ಲ.

ಮೂರನೆಯ ದಿವಸ ನಮ್ಮಲ್ಲಿ ವಾರ್ಷಿಕ ಸ್ನೇಹಸಮ್ಮೇಳನ. ಊಟವಾದ ಮೇಲೆ ಗೋದಿಹುಗ್ಗಿಯೂ ಅನ್ನವೂ ಬಹಳ ಉಳಿದವು. ಬಾಲಿಕೆಯರು, “ಪಾಪ, ಅವು ಒಣಮೇವನ್ನೇ ತಿನ್ನುವವು” ಎಂದು ಕನಿಕರಪಟ್ಟು ಎರಡು ಬುಟ್ಟಿಯಷ್ಟನ್ನು ಒಯ್ದು ಸಣ್ಣ ತಟ್ಟುವಿನ ಮುಂದೆ ಸುರಿದರು. ಕುರಿಗಾರರು ಆಗ ಕುರಿಗಳ ಹಿಂದೆ ಹೋಗಿದ್ದರು. ನಾವು ಕಿಡಿಕಿಯಿಂದ ಇದನ್ನು ನೋಡಿದೆವು, ನೋಡಿ ಸಂತೋಷಪಟ್ಟೆವು. ಮಕ್ಕಳಲ್ಲಿ ಎಂಥ ದಯೆಯೆಂದು ಒಬ್ಬರಿಗೊಬ್ಬರು ಹೇಳಿಕೊಂಡೆವು.

ಕತ್ತಲಾಗುತ್ತಲೇ ತಟ್ಟು ನೆಲವನ್ನು ಕೆದರತೊಡಗಿತು. ತಿರುಗಿ ತಿರುಗಿ ತನ್ನ ಪಕ್ಕೆಯನ್ನೇ ನೋಡಿಕೊಂಡಿತು, ಮಲಗಿತು, ಎದ್ದಿತು, ಮತ್ತೆ ಮಲಗಿ ಹೊರಳಾಡಿತು, ಮೈಯೆಲ್ಲ ಬೆವತುಹೋಯಿತು. ಹುಡುಗಿಯ ತಂದೆಯು ಬಂದು ಬೇಲಿಯ ಬಳಿ ನಿಂತು, “ಏನರ ತಿನ್ನಿಸೀರೇನ್ರಿ?” ಎಂದು ಕೇಳಿದಾಗ ನಮಗೆ ಉತ್ತರವು ಬೇಗನೆ ಹೊರಡಲಿಲ್ಲ. ಪಶುವೈದ್ಯರನ್ನು ಕರೆಯಿಸಿದೆವು. ಅವರು ನೋವಿನ ಸೂಜಿಯನ್ನು ಹಾಕಿ, ಮೂಗಿನ ದಾರಿಯಿಂದ ಹೊಟ್ಟೆಗೆ ನಳಿಕೆಯನ್ನಿಳಿಸಿ ಎಣ್ಣೆಯನ್ನು ಕೊಟ್ಟರು. ಏನನ್ನೂ ತಿನ್ನಿಸಬಾರದು, ಆಗಾಗ ಮೆಲ್ಲಗೆ ನಡೆಸಬೇಕು ಎಂದು ಹೇಳಿದರು. ಆ ಚಳಿಯ ರಾತ್ರಿಯಲ್ಲಿ ಆ ಹುಡುಗಿಯು ಕಂಬಳಿಯ ಕೊಪ್ಪೆಯನ್ನು ಹೊದ್ದುಕೊಂಡು ಹಗ್ಗವನ್ನು ಹಿಡಿದು ಹೊಲದ ಬದುವಿನಲ್ಲಿ ನಡೆದಳು. ನಮ್ಮ ವಸತಿಗೃಹದ ದೊಡ್ಡ ಹುಡಿಗೆಯರು ಇಬ್ಬಿಬ್ಬರಾಗಿ ಆಕೆಯ ಸಂಗಡ ನಡೆದರು. ಯಾರೂ ಅಳಬೇಡಿರೆಂದು ನಾವು ಹೇಳಿದೆವು, ಆದರೆ ಅತ್ತವರಲ್ಲಿ ನಾವೂ ಇದ್ದೆವು. ಬೆಳಗಿನ ಜಾವಕ್ಕೆ ತಟ್ಟು ಲದ್ದಿ ಹಾಕಿತು. ಹುಡುಗಿಯು, “ಬದುಕಿತ್ರೀ ಅಕ್ಕಾರ!” ಎಂದಳು. ಲದ್ದಿಯನ್ನು ಕಂಡು ವಿದ್ಯಾವಂತರು ದೇವರಿಗೆ ಸ್ತೋತ್ರ ಸಲ್ಲಿಸಿದ್ದು ನಮ್ಮ ಶಾಲೆಯ ಚರಿತ್ರೆಯಲ್ಲಿ ಅದೊಂದೇ ಸಲ.

ತಂದೆಯು ನಮ್ಮನ್ನು ಬಯ್ಯಲಿಲ್ಲ. “ಹುಡುಗೂರ ತಪ್ಪಲ್ರಿ, ಅವಕ್ಕ ಗೊತ್ತಿದ್ದಿಲ್ಲ” ಎಂದಷ್ಟೇ ಹೇಳಿದನು. ಮಕ್ಕಳಿಗೆ ಗೊತ್ತಿಲ್ಲದ್ದು ಮಕ್ಕಳ ತಪ್ಪಲ್ಲ. ಕಲಿಸತಕ್ಕವರಿಗೆ ಗೊತ್ತಿಲ್ಲದ್ದು ಯಾರ ತಪ್ಪು? ಏಳು ನೂರು ವರ್ಷಗಳ ಹಿಂದಿನ ಅರಸರು ಬೇಯಿಸಿದ ಅನ್ನ ಹಾಕಿ ಕುದುರೆಗಳನ್ನು ಕೊಂದರೆಂದು ಓದಿ ನಗುತ್ತಿದ್ದ ನಾವು ಅದನ್ನೇ ಮಾಡಿದ್ದೆವು.

ಹೀಗೇಕಾಯಿತು?

ಆಕಳಿಗೆ ಹಾಕಿದ್ದನ್ನು ಕುದುರೆಗೂ ಹಾಕಬಹುದೆಂದು ನಾವು ತಿಳಿಯುವೆವು. ಆದರೆ ಇವೆರಡರ ಹೊಟ್ಟೆಗಳು ಬೇರೆ ಬೇರೆ. ಆಕಳಿನ ಜಠರಕ್ಕೆ ನಾಲ್ಕು ಕೋಣೆಗಳು. ಅದು ನುಂಗಿದ್ದನ್ನು ಮತ್ತೆ ಬಾಯಿಗೆ ತಂದು ಮೆಲುಕಾಡುವದು. ಕುದುರೆಯ ಜಠರವು ಒಂದೇ, ಅದೂ ಮೈಗೆ ಹೋಲಿಸಿದರೆ ಬಹಳ ಸಣ್ಣದು. ಅದು ಮೆಲುಕಾಡುವದಿಲ್ಲ. ಅಷ್ಟೇ ಅಲ್ಲ, ಅದಕ್ಕೆ ವಾಂತಿಯೂ ಆಗುವದಿಲ್ಲ. ಒಳಗೆ ಹೋದದ್ದು ಮುಂದಕ್ಕೆ ಹೋಗಲೇಬೇಕು. ಹುಲ್ಲಿನ ನಾರು ಜೀರ್ಣವಾಗುವದು ದೊಡ್ಡ ಕರುಳಿನಲ್ಲಿ, ಕಣ್ಣಿಗೆ ಕಾಣದ ಅಸಂಖ್ಯ ಜೀವಾಣುಗಳ ಸಹಾಯದಿಂದ. ಹಿಟ್ಟು ಸಕ್ಕರೆಗಳ ಪದಾರ್ಥವು ಒಮ್ಮೆಲೆ ಬಹಳ ಹೋದರೆ ಅದು ಅಲ್ಲಿ ಹುಳಿಯೇರಿ ವಾಯುವನ್ನು ಹುಟ್ಟಿಸಿ ಹೊಟ್ಟೆಶೂಲೆಯನ್ನು ತರುವದು. ಅದರಿಂದ ಬದುಕಿದರೂ ಎಷ್ಟೋ ಸಾರೆ ವಿಷವು ಗೊರಸಿಗೆ ಇಳಿದು ಒಳಗಿನ ಮೆತ್ತನೆಯ ಭಾಗವು ಬಾತು ಪ್ರಾಣಿಯು ಕುಂಟಾಗುವದು. ಕುದುರೆಯ ಸೃಷ್ಟಿಯೇ ದಿನವೆಲ್ಲ ಸ್ವಲ್ಪ ಸ್ವಲ್ಪವಾಗಿ ಒರಟು ಮೇವನ್ನು ತಿನ್ನುವದಕ್ಕಾಗಿ ಆಗಿದೆ. ನಮ್ಮ ಕನಿಕರಕ್ಕೆ ಬಡತನವಾಗಿ ಕಂಡ ಒಣಮೇವೇ ಅದಕ್ಕೆ ಮೃಷ್ಟಾನ್ನ.

ಪಾಲನೆಯ ನಿಯಮಗಳು

ಆ ವರ್ಷದಿಂದ ನಾವು ಕಲಿಸುತ್ತಿರುವ ನಿಯಮಗಳನ್ನು ಇಲ್ಲಿ ಸಂಕ್ಷೇಪವಾಗಿ ಹೇಳುವೆವು.

ಮೊದಲನೆಯದು, ಮೇವು. ಸುಮಾರು 250 ಕಿಲೋ ತೂಕದ ತಟ್ಟುವಿಗೆ ದಿನಕ್ಕೆ 4ರಿಂದ 5 ಕಿಲೋ ಒಣಮೇವು ಬೇಕು. ಅದನ್ನು ಮೂರು ನಾಲ್ಕು ಸಾರೆ ಹಂಚಿ ಹಾಕಬೇಕು. ದುಡಿಯುವ ತಟ್ಟುವಿಗೆ ಸ್ವಲ್ಪ ಹುರುಳಿ ಇಲ್ಲವೆ ಕಡಲೆಯನ್ನು ನೆನೆಯಿಸಿ ತೋಬರೆಯಲ್ಲಿ ಕಟ್ಟುವರು. ಬೂಸಲು ಹಿಡಿದ ಮೇವನ್ನು ಎಂದೂ ಹಾಕಬಾರದು. ಎಳೆಯ ಹಸಿ ಜೋಳದ ಹೊಲಕ್ಕೆ ಬಿಡಬಾರದು. ಮೇವನ್ನು ಬದಲಿಸಬೇಕಾದರೆ ಒಂದು ವಾರದ ವರೆಗೆ ಮೆಲ್ಲಮೆಲ್ಲನೆ ಬದಲಿಸಬೇಕು.

ಎರಡನೆಯದು, ನೀರು. ಸಾಧಾರಣ ದಿವಸಗಳಲ್ಲಿ ಇಷ್ಟು ದೊಡ್ಡ ತಟ್ಟುವಿಗೆ 15 ಲೀಟರಿನಷ್ಟು ನೀರು ಬೇಕು. ಬೇಸಿಗೆಯಲ್ಲಿ ದುಡಿದ ದಿನ ಅದರ ಇಮ್ಮಡಿ. ನೀರು ಶುದ್ಧವಾಗಿರಬೇಕು, ಯಾವಾಗಲೂ ಸಿಗುವಂತಿರಬೇಕು.

ಮೂರನೆಯದು, ಗೊರಸು. “ಗೊರಸಿಲ್ಲದಿದ್ದರೆ ಕುದುರೆಯಿಲ್ಲ” ಎಂದು ಬಾಲಿಕೆಯರಿಗೆ ಬಾಯಿಪಾಠ ಮಾಡಿಸಿದ್ದೇವೆ. ದಿನಾಲು ಒಂದೊಂದು ಕಾಲನ್ನೆತ್ತಿ ಅಡಿಯಲ್ಲಿ ಸಿಕ್ಕಿದ ಕಲ್ಲು, ಮುಳ್ಳು, ಲದ್ದಿಗಳನ್ನು ತೆಗೆಯಬೇಕು. ಗೊರಸು ನಮ್ಮ ಉಗುರಿನಂತೆ ಬೆಳೆಯುತ್ತಲೇ ಇರುವದು; ಆರರಿಂದ ಎಂಟು ವಾರಗಳಿಗೊಮ್ಮೆ ಬಲ್ಲವರಿಂದ ಕೆತ್ತಿಸಬೇಕು. ಲಾಳದ ಮೊಳೆಗಳು ನೋಯುವದಿಲ್ಲವೆ ಎಂದು ಮಕ್ಕಳೆಲ್ಲರೂ ಕೇಳುವರು. ಬಲ್ಲವನು ಜೀವವಿಲ್ಲದ ಹೊರಭಾಗದಲ್ಲಿಯೇ ಹೊಡೆಯುವದರಿಂದ ನೋವಾಗುವದಿಲ್ಲ. ಅರಿಯದವನು ಹೊಡೆದರೆ ಪ್ರಾಣಿಯು ಜನ್ಮಕ್ಕೆ ಕುಂಟಾಗಬಹುದು.

ನಾಲ್ಕನೆಯದು, ಬೆನ್ನು. ತಡಿಯು ಸಡಿಲಾಗಿದ್ದರೆ, ಕಂಬಳಿಯು ಮಡಿಕೆಯಾಗಿದ್ದರೆ, ಭಾರವು ಒಂದೇ ಕಡೆಗೆ ವಾಲಿದ್ದರೆ ಬೆನ್ನು ಹುಣ್ಣಾಗುವದು. ಹುಣ್ಣಿನ ಮೇಲೆ ಮತ್ತೆ ಹೇರುವದು ಪಾಪ. ಅದು ಅಪರಾಧವೂ ಹೌದು. 1960ನೆಯ ಇಸವಿಯ ಪ್ರಾಣಿಹಿಂಸಾ ಪ್ರತಿಬಂಧಕ ಕಾಯಿದೆಯು ಗಾಯಗೊಂಡ, ರೋಗದ ಪ್ರಾಣಿಯನ್ನು ದುಡಿಸುವದನ್ನು ನಿಷೇಧಿಸಿದೆ. ಅದರ ಮೇಲಿನಿಂದ 1965ರಲ್ಲಿ ಆದ ನಿಯಮಗಳ ಪ್ರಕಾರ ತಟ್ಟುವಿನ ಬೆನ್ನ ಮೇಲೆ 70 ಕಿಲೋಕ್ಕಿಂತ ಹೆಚ್ಚು ಹೇರಕೂಡದು. ದಿನಕ್ಕೆ ಒಂಬತ್ತು ತಾಸುಗಳಿಗಿಂತ ಹೆಚ್ಚು ದುಡಿಸಕೂಡದು. ಬಿಸಿಲು 37 ಡಿಗ್ರಿಗಿಂತ ಏರುವ ಕಡೆಗಳಲ್ಲಿ ಮಧ್ಯಾಹ್ನದ 12ರಿಂದ 3ರ ವರೆಗೆ ದುಡಿಸಲೇಕೂಡದು.

ಐದನೆಯದು, ರೋಗ. ಕುದುರೆಗೆ ಧನುರ್ವಾಯುವಿನ ಭಯವು ಬಹಳ. ಸಣ್ಣ ಮುಳ್ಳಿನ ಗಾಯವೂ ಸಾಕು. ಇದಕ್ಕೆ ಲಸಿಕೆಯುಂಟು. ಮೂಗಿನಿಂದ ದಪ್ಪ ಸಿಂಬಳವು ಸೋರಿ ಮೈಮೇಲೆ ಹುಣ್ಣುಗಳೆದ್ದರೆ ಮಕ್ಕಳನ್ನು ದೂರವಿಟ್ಟು ಕೂಡಲೆ ಪಶುವೈದ್ಯರಿಗೆ ತಿಳಿಸಬೇಕು. ಕುದುರೆಯಿಂದ ಮನುಷ್ಯರಿಗೆ ತಗಲುವ ಘಾತಕ ರೋಗಗಳೂ ಇರುತ್ತವೆ. ಮೇವು ಬಿಟ್ಟು, ಪಕ್ಕೆಯನ್ನು ನೋಡಿಕೊಂಡು, ಹೊರಳಾಡುವ ಪ್ರಾಣಿಗೆ ಮನೆಮದ್ದು ಮಾಡುತ್ತ ಹೊತ್ತು ಕಳೆಯಬಾರದು.

ಇವುಗಳ ಮೇಲೆ, ಗೆಳೆತನ. ಕುದುರೆಯ ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿ ಇರುವದರಿಂದ ಅದು ಸುತ್ತಲೂ ಕಾಣುವದು. ಆದರೆ ನೇರವಾಗಿ ಹಿಂದೆಯೂ, ಹಣೆಯ ಕೆಳಗೆ ಮೂಗಿನ ಮುಂದೆಯೂ ಕಾಣುವದಿಲ್ಲ. ಅದು ಒದೆಯುವದು ಬಹುತರ ದುಷ್ಟತನದಿಂದಲ್ಲ, ಭಯದಿಂದ. ಓಡಿ ಪ್ರಾಣ ಉಳಿಸಿಕೊಳ್ಳುವ ವಂಶದ ಪ್ರಾಣಿಗೆ ಭಯವೇ ಬುದ್ಧಿ. ಎತ್ತರದ ದನಿ, ಓಡಾಟ, ಕೊಡೆ ಬಿಚ್ಚುವದು, ಇವೆಲ್ಲವೂ ಅದಕ್ಕೆ ಹೆದರಿಕೆ. ಮೆಲ್ಲಗೆ ಮಾತಾಡುತ್ತ ಎಡಗಡೆಯಿಂದ ಹೋಗಿ ಹೆಗಲನ್ನು ಸವರಬೇಕು. ತಿನಿಸು ಕೊಡುವದಿದ್ದರೆ ಯಜಮಾನನ ಅಪ್ಪಣೆಯನ್ನು ಕೇಳಿ ಒಂದು ಗಜ್ಜರಿಯ ಉದ್ದನೆಯ ಸೀಳನ್ನು ಅಂಗೈ ಚಾಚಿ ಅದರ ಮೇಲಿಟ್ಟು ಕೊಡಬೇಕು.

ಕಲಿಸುವ ಬಗೆ

ಇಷ್ಟನ್ನು ಕಲಿಸಲಿಕ್ಕೆ ಲಾಯ ಬೇಕಿಲ್ಲ, ಹಣ ಬೇಕಿಲ್ಲ. ಮೊದಲು ಕಣ್ಣಿಗೆ ಕೆಲಸ ಕೊಡಬೇಕು. ನಾಗಾಲೋಟದ ಕುದುರೆಯು ನಾಲ್ಕೂ ಕಾಲುಗಳನ್ನು ಚಾಚಿ ಹಾರುತ್ತಿರುವಂತೆ ಚಿತ್ರಕಾರರು ಬಹಳ ಕಾಲ ಬರೆಯುತ್ತಿದ್ದರು. 1878ರಲ್ಲಿ ಮೈಬ್ರಿಜನೆಂಬ ಛಾಯಾಚಿತ್ರಕಾರನು ಅಮೇರಿಕೆಯಲ್ಲಿ ಸಾಲಾಗಿ ಕ್ಯಾಮರಾಗಳನ್ನಿಟ್ಟು ತೆಗೆದ ಚಿತ್ರಗಳಿಂದ, ನಾಲ್ಕೂ ಕಾಲುಗಳು ನೆಲ ಬಿಟ್ಟಿರುವದು ನಿಜವೇ, ಆದರೆ ಆ ಕ್ಷಣದಲ್ಲಿ ಅವು ಹೊಟ್ಟೆಯ ಕೆಳಗೆ ಕೂಡಿಕೊಂಡಿರುವವು ಎಂದು ತಿಳಿದುಬಂದಿತು. ಈ ಸಂಗತಿಯನ್ನು ಹೇಳಿ ಗೋಡೆಯ ಚಿತ್ರಗಳನ್ನು ಪರೀಕ್ಷಿಸಲು ಬಾಲಿಕೆಯರಿಗೆ ಹೇಳುವೆವು. ಮೂರ್ತಿಯ ಕುದುರೆಯು ಎಷ್ಟು ಕಾಲುಗಳನ್ನೆತ್ತಿದೆ ಎಂಬದರಿಂದ ಸವಾರನು ಹೇಗೆ ಸತ್ತನೆಂದು ಹೇಳಬಹುದೆಂಬ ಮಾತು ಕಟ್ಟುಕಥೆಯೆಂಬದನ್ನೂ ತಿಳಿಸುವೆವು. ಬಳಿಕ ಹಿರಿಯರನ್ನು ಕೇಳಿ ಬರೆದುಕೊಳ್ಳುವ ಅಭ್ಯಾಸ: ನಿಮ್ಮ ಊರಲ್ಲಿ ಟಾಂಗಾ ಹೊಡೆದವರು ಯಾರು, ಲಾಳ ಕಟ್ಟಿದವರು ಯಾರು, ಕುದುರೆಗೆ ಏನೇನು ತಿನ್ನಿಸುತ್ತಿದ್ದರು? ಕೊನೆಗೆ, ಸಾಧ್ಯವಾದಾಗ, ಪ್ರತ್ಯಕ್ಷ ಪ್ರಾಣಿ. ಕಿತ್ತೂರಿನಲ್ಲಿ 1969ರಲ್ಲಿ ಸ್ಥಾಪಿತವಾದ ರಾಣಿ ಚೆನ್ನಮ್ಮನ ಹೆಸರಿನ ಹೆಣ್ಣುಮಕ್ಕಳ ವಸತಿ ಸೈನಿಕ ಶಾಲೆಯಲ್ಲಿ ಬಾಲಿಕೆಯರಿಗೆ ಕುದುರೆ ಸವಾರಿಯನ್ನೂ ಕಲಿಸುತ್ತಾರೆ. ಚೆನ್ನಮ್ಮನ ಊರಿನಲ್ಲಿಯೇ ನಮ್ಮ ನಾಡಿನ ಹುಡಿಗೆಯರು ಲಗಾಮನ್ನು ಹಿಡಿಯುವದು ಎಷ್ಟು ಸೊಗಸು! ಎಲ್ಲ ಶಾಲೆಗಳಿಗೂ ಆ ಅನುಕೂಲತೆ ಇರುವದಿಲ್ಲ. ಆದರೆ ಏರುವದಕ್ಕಿಂತ ಮೊದಲು ಸಾಕುವದನ್ನು ಕಲಿಯಬೇಕು, ಮತ್ತು ಅದನ್ನು ಎಲ್ಲಿಯಾದರೂ ಕಲಿಯಬಹುದು.

ಪಾಲಕರಿಗೂ ಹಳೆಯ ವಿದ್ಯಾರ್ಥಿನಿಯರಿಗೂ ನಮ್ಮದೊಂದು ಬಿನ್ನಹ. ಮಕ್ಕಳಲ್ಲಿ ದಯೆಯಿದ್ದರೆ ಸಾಕೆಂದು ನಾವು ಬಹಳ ಕಾಲ ನಂಬಿದ್ದೆವು. ಈಗ ಹಾಗೆ ನಂಬುವದಿಲ್ಲ. ಕಲ್ಲೆಸೆಯುವ ಕೈಯಿಂದ ಪ್ರಾಣಿಯು ತಪ್ಪಿಸಿಕೊಂಡು ಓಡಬಹುದು. ಹುಗ್ಗಿಯ ಬುಟ್ಟಿಯನ್ನು ಹಿಡಿದು ಬರುವ ಕೈಯಿಂದ ಅದು ಓಡುವದಿಲ್ಲ. ಆದದರಿಂದ ದಯೆಗೆ ತಿಳುವಳಿಕೆಯ ಕಣ್ಣು ಬೇಕು. ಆ ತಿಳುವಳಿಕೆಯು ಪುಸ್ತಕದಲ್ಲಿ ಅರ್ಧ ಮಾತ್ರ ಇರುವದು. ಉಳಿದರ್ಧವು ಸುಗ್ಗಿಯ ಮೇಲೆ ನಿಮ್ಮ ಹೊಲಕ್ಕೆ ಬಂದಿಳಿಯುವ ಜನರ ಕೈಯಲ್ಲಿರುವದು. ಈ ವರ್ಷ ಅವರು ಬಂದಾಗ ನಿಮ್ಮ ಮಕ್ಕಳನ್ನು ಕರಕೊಂಡು ಹೋಗಿರಿ. ಏನನ್ನಾದರೂ ಕೊಡುವ ಮೊದಲು ಕೇಳಲು ಕಲಿಸಿರಿ. ಅವರ ಮಕ್ಕಳು ಎಷ್ಟು ಓದಿರುವರೆಂಬದನ್ನೂ ಒಂದು ಮಾತು ವಿಚಾರಿಸಿರಿ.

ಎಂಟನೆಯ ದಿವಸ ಆ ಸಂಸಾರವು ಹೊರಟಿತು. ಸಣ್ಣ ತಟ್ಟು ಭಾರವಿಲ್ಲದೆ ಹಿಂದಿನಿಂದ ನಡೆಯಿತು. ಅದರ ಪಾಲಿನ ಕಂಬಳಿಗಳನ್ನು ಆ ಹುಡುಗಿಯು ತನ್ನ ತಲೆಯ ಮೇಲೆ ಹೊತ್ತಿದ್ದಳು. ನಮ್ಮ ಬಾಲಿಕೆಯರು ಬೇಲಿಯ ಬಳಿ ಸಾಲಾಗಿ ನಿಂತು ಕೈಬೀಸಿದರು. ಸುಗ್ಗಿ ಮುಗಿದ ಮೇಲೆ ಅವರು ಈಗಲೂ ಆ ದಾರಿಯನ್ನು ನೋಡುತ್ತಿರುತ್ತಾರೆ, ನಾವೂ ನೋಡುತ್ತಿರುತ್ತೇವೆ. ಆಕೆಯು ಮತ್ತೆ ಬಂದರೆ ಕೂಡ್ರಿಸಲಿಕ್ಕೆ ನಮ್ಮ ಎಂಟನೆಯ ಇಯತ್ತೆಯಲ್ಲಿ ಒಂದು ಸ್ಥಳವಿದೆ. ಅಲ್ಲಿಯ ವರೆಗೆ, ಕುದುರೆಯ ಪಾಠದ ದಿವಸ, ಆಕೆಯ ಮಾತಿನಿಂದಲೇ ನಾವು ಪಾಠವನ್ನು ಆರಂಭಿಸುವೆವು: ಹಿಂದೆ ನಿಲ್ಲಬೇಡಿರಿ, ಎಡಕ್ಕೆ ಬನ್ನಿರಿ, ಮೊದಲು ಸಪ್ಪಳ ಮಾಡಿರಿ.